ಶ್ರೋಡಿಂಗರನ ನಾಯಿಯನ್ನು ಯಾರಾದರೂ ಕಂಡಿರಾ?

ಎರ್ವಿನ್ ಶ್ರೋಡಿಂಗರನ ಬೆಕ್ಕಿನ ಹೆಸರು ಕೇಳದವರು ಈಗ ಸಿಗುವುದು ಕಷ್ಟ. 1935ರಲ್ಲಿ ಒಂದು ಜರ್ಮನ್ ವಿಜ್ಞಾನ ಪತ್ರಿಕೆಯ ಉದ್ದನೆಯ ಲೇಖನದ ನಡುವೆ ಕೆಲವೇ ಸಾಲುಗಳ ಮಟ್ಟಿಗೆ ಬಂದುಹೋದ ಪ್ರಾಣಿ ಅದು. ಈಗ ಟೀ ಶರ್ಟಿನ ಮೇಲಿದೆ, ಕಾಫಿ ಮಗ್ಗಿನ ಮೇಲಿದೆ, ಸರ್ಕಾರ ಉಳಿಯುತ್ತದೋ ಬೀಳುತ್ತದೋ ತಿಳಿಯದ ದಿನಗಳಲ್ಲಿ ಸಂಪಾದಕೀಯಗಳಲ್ಲೂ ಇದೆ. ಪೆಟ್ಟಿಗೆಯೊಳಗೆ ವಿಷದ ಸೀಸೆಯ ಪಕ್ಕ ಕೂತು, ಸತ್ತೂ ಬದುಕಿಯೂ ಇರುವ ಈ ಬೆಕ್ಕನ್ನು ಶ್ರೋಡಿಂಗರ್ ಕರೆತಂದದ್ದು ಕ್ವಾಂಟಮ್ ಸಿದ್ಧಾಂತದ ವ್ಯಾಖ್ಯಾನಕಾರರನ್ನು ಅಣಕಿಸುವುದಕ್ಕೆ. ‘ನಿಮ್ಮ ವ್ಯಾಖ್ಯಾನವನ್ನೇ ನಂಬಿ ಹೊರಟರೆ ಕೊನೆಗೆ ಇಂಥ ಅಸಂಬದ್ಧಕ್ಕೆ ಬಂದು ಮುಟ್ಟುತ್ತೀರಿ’ ಎಂಬುದು ಅವನ ತಕರಾರು. ಲೋಕ ತಕರಾರನ್ನು ಬಿಟ್ಟು ಅಸಂಬದ್ಧವನ್ನು ಮಾತ್ರ ಹಿಡಿದುಕೊಂಡಿತು. ಅದೇ ಸಿದ್ಧಾಂತವೆಂದು ಆರತಿ ಎತ್ತಿತು. ವ್ಯಂಗ್ಯ ಬರೆಯುವವರ ಹಣೆಬರಹ ಎಲ್ಲ ದೇಶದಲ್ಲೂ ಒಂದೇ.

ಇದೇ ಶ್ರೋಡಿಂಗರನಿಗೆ ಒಂದು ನಾಯಿಯೂ ಇತ್ತು. ಅದನ್ನು ಯಾರೂ ಕೇಳುವುದಿಲ್ಲ. ಜೀವವಿರುವ ನಾಯಿಯಲ್ಲ, ಕಬ್ಬಿಣದ್ದು. ಗ್ರೇಟ್ ಡೇನ್ ಜಾತಿಯ ನಾಯಿಯೊಂದು ಮುಂಗಾಲಿನ ಮೇಲೆ ಮುಂಗಾಲು ಹಾಕಿ ಮಲಗಿದಂತಿದ್ದ ಪೇಪರ್‌ವೇಟ್. ಅವನು ಚಿಕ್ಕವನಿದ್ದಾಗ ಅಪ್ಪನ ಬರೆಯುವ ಮೇಜಿನ ಮೇಲಿತ್ತು. ಅಪ್ಪ ತೀರಿಕೊಂಡ ಮೇಲೆ ಮಗನ ಮೇಜಿಗೆ ಬಂತು. ಮಗ ಊರೂರು ಸುತ್ತಿದ, ನೊಬೆಲ್ ಪಡೆದ, ಕೊನೆಗೆ ಆಸ್ಟ್ರಿಯಾದ ಗ್ರಾಜ್ ಎಂಬ ಊರಿನಲ್ಲಿ ಪ್ರಾಧ್ಯಾಪಕನಾಗಿ ಕೂತ. ನಾಯಿಯೂ ಅಲ್ಲಿಗೆ ಬಂತು.

1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ನಾಜಿಗಳು ಅಧಿಕಾರಕ್ಕೆ ಬಂದ 1933ರಲ್ಲಿ ಬರ್ಲಿನ್ನಿನ ಹುದ್ದೆಯನ್ನು ಬಿಟ್ಟು ಹೊರಟಿದ್ದ ಶ್ರೋಡಿಂಗರ್ ಮೇಲೆ ಹೊಸ ದೊರೆಗಳಿಗೆ ಮೊದಲಿನಿಂದಲೂ ಅನುಮಾನ. ನೀನು ಯಾರ ಕಡೆಯವನು ಹೇಳು ಎಂಬ ಒತ್ತಡ ಬಂತು. ಪುಣ್ಯಾತ್ಮ ಪತ್ರಿಕೆಯಲ್ಲಿ ತಪ್ಪೊಪ್ಪಿಗೆಯಂಥ ಪತ್ರ ಬರೆದು ಫ್ಯೂರರ್‌ನ ಇಚ್ಛೆಗೆ ತಲೆಬಾಗಿದ. ಅದು ಹೇಡಿತನವಾಯಿತೆಂದು ಆಮೇಲೆ ಐನ್‌ಸ್ಟೀನ್‌ಗೆ ಬರೆದು ಒಪ್ಪಿಕೊಂಡದ್ದೂ ಉಂಟು. ಅಷ್ಟು ತಲೆಬಾಗಿದ್ದಕ್ಕೆ ಸಿಕ್ಕ ಪ್ರಸಾದವೇನು? ಕೆಲವೇ ತಿಂಗಳಲ್ಲಿ ‘ರಾಜಕೀಯವಾಗಿ ನಂಬಲರ್ಹನಲ್ಲ’ ಎಂದು ಕೆಲಸದಿಂದ ವಜಾ. ಗುರುತು ಕೇಳುವ ಸರ್ಕಾರಗಳ ಗುಣವೇ ಹಾಗೆ. ಕೊಡದಿದ್ದರೆ ದ್ರೋಹಿ, ಕೊಟ್ಟರೆ ಸುಳ್ಳ. ಕೈಗೆ ಸಿಕ್ಕಷ್ಟು ಬಟ್ಟೆ ಪೆಟ್ಟಿಗೆಗೆ ತುಂಬಿಕೊಂಡು ಗಂಡ ಹೆಂಡತಿ ಇಟಲಿಗೆ ಓಡಿದರು. ಕಬ್ಬಿಣದ ನಾಯಿ ಗ್ರಾಜ್‌ನಲ್ಲೇ ಉಳಿಯಿತು.

ಅದರ ಮೇಲೆ ಇವನಿಗಿದ್ದ ಪ್ರೀತಿ ಬಲ್ಲ ಸ್ನೇಹಿತರೊಬ್ಬರು ಅದನ್ನು ಎತ್ತಿಟ್ಟರು. ಯುದ್ಧ ಮುಗಿದ ಮೇಲೆ ಹೆಂಡತಿ ಆಸ್ಟ್ರಿಯಾಕ್ಕೆ ಹೋದವಳು, ಅಷ್ಟರಲ್ಲಿ ಅವರು ನೆಲೆಸಿದ್ದ ಡಬ್ಲಿನ್ನಿಗೆ ತಂದುಕೊಟ್ಟಳು. ನಾಯಿ ಮತ್ತೆ ಮೇಜಿನ ಮೇಲೆ ಕೂತಿತು. ಬೇರೆ ಯಾರಾದರೂ ಆಗಿದ್ದರೆ ಸಂತೋಷಪಟ್ಟು, ಅದರ ಕೆಳಗೆ ನಾಲ್ಕು ಕಾಗದ ಇಟ್ಟು ಸುಮ್ಮನಾಗುತ್ತಿದ್ದರು. ಶ್ರೋಡಿಂಗರ್ ಕೇಳಿದ: ಇದು ಅದೇ ನಾಯಿ ಎಂದು ನನಗೆ ಖಾತ್ರಿಯಿದೆ. ಸರಿ, ಆ ಖಾತ್ರಿ ಎಲ್ಲಿಂದ ಬಂತು?

ಈ ಪ್ರಶ್ನೆಯನ್ನು ಅವನು 1950ರಲ್ಲಿ ಡಬ್ಲಿನ್ನಿನ ಸಾರ್ವಜನಿಕ ಉಪನ್ಯಾಸಗಳಲ್ಲಿ ಎತ್ತಿದ. ಮುಂದೆ ಅವು ‘ಸೈನ್ಸ್ ಅಂಡ್ ಹ್ಯೂಮನಿಸಂ’ ಎಂಬ ಪುಟ್ಟ ಪುಸ್ತಕವಾದವು. ಉತ್ತರ ಇಷ್ಟೇ: ಅದೇ ನಾಯಿ ಎಂದು ಗುರುತಿಸಲು ನೆರವಾದದ್ದು ಅದರ ಆಕಾರ. ಒಳಗಿರುವ ಕಬ್ಬಿಣವಲ್ಲ. ಅದೇ ಕಬ್ಬಿಣವನ್ನು ಕರಗಿಸಿ ಮೊಳೆ ಮಾಡಿದ್ದರೆ ಯಾವ ಮೊಳೆಯನ್ನು ನೋಡಿ ಅವನು ‘ಅಯ್ಯೋ, ನಮ್ಮಪ್ಪನ ನಾಯಿ’ ಎನ್ನಬೇಕಿತ್ತು? ದೊಡ್ಡ ವಸ್ತುಗಳ ವಿಷಯದಲ್ಲಿ ಇದು ಹಳೆಯ ಮಾತು. ಶ್ರೋಡಿಂಗರ್ ಅಲ್ಲಿಗೆ ನಿಲ್ಲಲಿಲ್ಲ. ಹಾಗಾದರೆ ನಾಯಿಯೊಳಗಿನ ಕಣಗಳ ಕತೆಯೇನು? ಈ ಎಲೆಕ್ಟ್ರಾನ್ ‘ಅದೇ’ ಎಲೆಕ್ಟ್ರಾನ್ ಎಂದರೆ ಏನರ್ಥ? ಏನೂ ಅರ್ಥವಿಲ್ಲ ಎಂದ. ಒಮ್ಮೊಮ್ಮೆ ಗುರುತು ಹಿಡಿಯಬಹುದು, ಒಮ್ಮೊಮ್ಮೆ ಆಗುವುದಿಲ್ಲ ಎಂಬ ರಾಜಿ ಮಾತೂ ಇಲ್ಲ. ಒಂದು ಕಣವನ್ನು ಇಲ್ಲಿ ಈಗ ಕಂಡೆವು, ಅದರ ಹತ್ತಿರವೇ ಮರುಗಳಿಗೆ ಅಂಥದೇ ಇನ್ನೊಂದನ್ನು ಕಂಡೆವು. ಎರಡೂ ಒಂದೇ ಕಣವೋ ಅಲ್ಲವೋ ಎಂಬ ಪ್ರಶ್ನೆಗೇ ಅಲ್ಲಿ ಜಾಗವಿಲ್ಲ. ಸಾಲುಸಾಲಾಗಿ ನಡೆದ ಘಟನೆಗಳನ್ನು ಕಂಡು, ಒಬ್ಬನೇ ಒಬ್ಬ ಅಲ್ಲಿಂದ ಇಲ್ಲಿಗೆ ನಡೆದುಬಂದ ಎಂದು ನಾವು ಕತೆ ಕಟ್ಟಿಕೊಳ್ಳುತ್ತೇವೆ. ಆಕಾರಕ್ಕೆ ಗುರುತಿದೆ, ಸರಕಿಗೆ ಇಲ್ಲ. ಆ ಪುಟ್ಟ ಕಣ ವ್ಯಕ್ತಿಯೇ ಅಲ್ಲ.

ಬೆಕ್ಕಿಗಿಂತ ಹತ್ತು ಪಾಲು ಭಯಂಕರವಾದ ಮಾತಿದು. ಆದರೆ ಟೀ ಶರ್ಟಿನ ಮೇಲೆ ಬರೆಯಲು ಬರುವುದಿಲ್ಲ. ಹಾಗಾಗಿ ನಾಯಿ ಅನಾಥವಾಯಿತು.

ಇದಕ್ಕೆ ಎರಡು ಶತಮಾನಗಳಿಗೂ ಹಿಂದೆ ಜರ್ಮನಿಯಲ್ಲಿ ಲೈಬ್ನಿಟ್ಸ್ ಎಂಬ ಮಹಾ ಬುದ್ಧಿವಂತ ಒಂದು ಕಾನೂನು ಹೊರಡಿಸಿದ್ದ: ಎಲ್ಲ ಗುಣಗಳಲ್ಲೂ ತದ್ರೂಪವಾದ ಎರಡು ವಸ್ತುಗಳು ಜಗತ್ತಿನಲ್ಲಿ ಇರಲಾರವು. ಇದ್ದರೆ ಅವು ಎರಡಲ್ಲ, ಒಂದೇ. ಹೆರೆನ್‌ಹೌಸನ್ ಅರಮನೆಯ ತೋಟದಲ್ಲಿ ರಾಜಕುಮಾರಿ ಸೋಫಿಯೊಡನೆ ಅಡ್ಡಾಡುತ್ತಿದ್ದಾಗ ಈ ಮಾತು ಬಂತಂತೆ. ಜೊತೆಗಿದ್ದ ಗೃಹಸ್ಥನೊಬ್ಬ, ಒಂದೇ ಥರದ ಎರಡು ಎಲೆ ತಂದು ತೋರಿಸುತ್ತೇನೆ ಎಂದು ಪಂಥ ಕಟ್ಟಿ ತೋಟವೆಲ್ಲ ತಡಕಿದನಂತೆ, ಸಿಗಲಿಲ್ಲವಂತೆ. ಲೈಬ್ನಿಟ್ಸ್ ತಾನೇ ಇದನ್ನು ಬರೆದಿಟ್ಟಿದ್ದಾನೆ. ಪಾಪ, ಆ ಗೃಹಸ್ಥ ತಪ್ಪು ಅಂಗಡಿಗೆ ಹೋಗಿದ್ದ. ಅವನು ಬಗ್ಗಿ ನೋಡಿದ ಪ್ರತಿ ಎಲೆಯೊಳಗೂ ಕೋಟಿ ಕೋಟಿ ತದ್ರೂಪಗಳಿದ್ದವು. ಈ ಎಲೆಕ್ಟ್ರಾನಿನ ತೂಕ ಆ ಎಲೆಕ್ಟ್ರಾನಿನದೇ, ವಿದ್ಯುದಂಶವೂ ಅಷ್ಟೇ, ಗಿರಕಿಯೂ ಅಷ್ಟೇ. ಒಂದಕ್ಕೆ ಗೀರು ಬಿದ್ದಿದೆ, ಇನ್ನೊಂದು ಸ್ವಲ್ಪ ಸವೆದಿದೆ ಎಂಬ ಮಾತೇ ಇಲ್ಲ.

‘ತದ್ರೂಪವಾದರೇನಾಯಿತು, ಎರಡು ಬೇರೆಬೇರೆಯೇ ತಾನೆ?’ ಎಂದು ಕೇಳಬಹುದು. ಇದಕ್ಕೆ ಉತ್ತರ ಬಂದದ್ದು ಢಾಕಾದಿಂದ. 1924ರ ಜೂನ್‌ನಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಮೇಷ್ಟ್ರು ಸತ್ಯೇಂದ್ರನಾಥ ಬೋಸ್ ಅವರು ಐನ್‌ಸ್ಟೀನ್‌ಗೆ ಒಂದು ಪತ್ರವನ್ನೂ ಜೊತೆಗೊಂದು ಪ್ರಬಂಧವನ್ನೂ ಕಳಿಸಿದರು. ಇಂಗ್ಲೆಂಡಿನ ಪತ್ರಿಕೆಯೊಂದು ಅದನ್ನು ಅಚ್ಚು ಹಾಕಿರಲಿಲ್ಲ. ಬೆಳಕಿನ ಕಣಗಳನ್ನು ಹೇಗೆ ಎಣಿಸಿದರೆ ಬಿಸಿ ವಸ್ತು ಸೂಸುವ ಬೆಳಕಿನ ಬಗೆಗಿನ ಪ್ಲಾಂಕನ ಸೂತ್ರ ತಾನಾಗಿಯೇ ಬರುತ್ತದೆ ಎಂಬುದು ಅದರ ವಿಷಯ. ಐನ್‌ಸ್ಟೀನ್ ತಾನೇ ಕೂತು ಜರ್ಮನ್‌ಗೆ ಅನುವಾದಿಸಿ ಅಚ್ಚು ಹಾಕಿಸಿದ. ಬೋಸ್ ಅವರು ಮಾಡಿದ್ದಿಷ್ಟೇ: ಎಣಿಸುವಾಗ ಕಣಗಳ ಹೆಸರು ಬಿಟ್ಟರು. ಈ ಪೆಟ್ಟಿಗೆಯಲ್ಲಿ ಎಷ್ಟು, ಆ ಪೆಟ್ಟಿಗೆಯಲ್ಲಿ ಎಷ್ಟು ಎಂದು ಕೇಳಿದರು. ಯಾರು ಎಲ್ಲಿ ಎಂದು ಕೇಳಲಿಲ್ಲ. ತಾವು ಮಾಡಿದ್ದು ಅಷ್ಟು ಹೊಸದೆಂದು ತಮಗೇ ಗೊತ್ತಿರಲಿಲ್ಲ ಎಂದು ಆಮೇಲೆ ಹೇಳಿಕೊಂಡ ದೊಡ್ಡ ಮನುಷ್ಯ ಅವರು.

ಎಣಿಕೆಯ ಈ ವ್ಯತ್ಯಾಸಕ್ಕೆ ಶ್ರೋಡಿಂಗರ್ ಕೊಟ್ಟ ಶಾಲೆಯ ಲೆಕ್ಕವೇ ಚೆನ್ನ. ಮೂವರು ಹುಡುಗರಿದ್ದಾರೆ, ಎರಡು ಬಹುಮಾನಗಳಿವೆ. ಬಹುಮಾನಗಳು ಒಂದು ನ್ಯೂಟನ್ ಚಿತ್ರದ ಪದಕ, ಇನ್ನೊಂದು ಶೇಕ್ಸ್‌ಪಿಯರ್ ಚಿತ್ರದ್ದು ಎಂದುಕೊಳ್ಳಿ. ಹಂಚಲು 9 ದಾರಿ. ಎರಡೂ ಬರಿ ಶಿಲ್ಲಿಂಗ್ ಆದರೆ? ಬ್ಯಾಂಕಿನ ಖಾತೆಗೆ ಹಾಕಿದ ಮೇಲೆ ಯಾವ ಶಿಲ್ಲಿಂಗ್ ಯಾವುದು ಎಂಬುದಕ್ಕೆ ಅರ್ಥವಿಲ್ಲ, ಆದ್ದರಿಂದ 6 ದಾರಿ. ಬಹುಮಾನ ಎಂದರೆ ಫುಟ್‌ಬಾಲ್ ತಂಡದಲ್ಲಿ ಖಾಲಿಯಿರುವ ಎರಡು ಸ್ಥಾನಗಳಾದರೆ? ಒಬ್ಬ ಹುಡುಗ ಎರಡು ಸಲ ಸೇರುವಂತಿಲ್ಲ. ಬರೀ 3 ದಾರಿ. ಪದಕಗಳಂತೆ ನಡೆದುಕೊಳ್ಳುವ ಕಣ ಪ್ರಕೃತಿಯಲ್ಲಿ ಒಂದೂ ಇಲ್ಲ. ಬೆಳಕಿನ ಕಣಗಳು ಶಿಲ್ಲಿಂಗ್‌ಗಳಂತೆ, ಎಲೆಕ್ಟ್ರಾನುಗಳು ತಂಡದ ಸದಸ್ಯತ್ವದಂತೆ. ಹುಡುಗರು ನಮ್ಮ ಕಣ್ಣಿಗೆ ಕಣಗಳಂತೆ ಕಾಣುತ್ತಾರಲ್ಲ, ಅಲ್ಲಿಯೇ ಎಡವುವುದು. ಕಣವೆಂದರೆ ಹುಡುಗನಲ್ಲ, ಹುಡುಗನಿಗೆ ಸಿಕ್ಕ ಬಹುಮಾನ.

ಮೇಲಿನ ಲೆಕ್ಕ ಬರಿ ಕಾಗದದ ಮೇಲಿನದಲ್ಲ. 9ರ ಬದಲು 3 ಎಂದು ಎಣಿಸಿದ್ದರಿಂದಲೇ ಮೇಜು ಗಟ್ಟಿಯಾಗಿದೆ, ಧಾತುಗಳ ಕೋಷ್ಟಕಕ್ಕೆ ಆ ರೂಪ ಬಂದಿದೆ. 6 ಎಂದು ಎಣಿಸಿದ್ದರಿಂದ ಲೇಸರ್ ಇದೆ. 1995ರಲ್ಲಿ ಅಮೆರಿಕದ ಬೋಲ್ಡರ್‌ನಲ್ಲಿ ಕಾರ್ನೆಲ್ ಮತ್ತು ವೀಮನ್ ಸುಮಾರು 2000 ರುಬಿಡಿಯಂ ಪರಮಾಣುಗಳನ್ನು ಪರಮಶೂನ್ಯದ ಹತ್ತಿರಕ್ಕೆ, ಒಂದು ಡಿಗ್ರಿಯ ಹತ್ತು ಲಕ್ಷದ ಒಂದಂಶಕ್ಕಿಂತಲೂ ಕೆಳಕ್ಕೆ ತಣಿಸಿದಾಗ ಅವೆಲ್ಲ ತಮ್ಮ ತಮ್ಮತನ ಬಿಟ್ಟು ಒಂದೇ ಅಲೆಯಾದವು. ಅದಕ್ಕೆ 2001ರಲ್ಲಿ ನೊಬೆಲ್ ಬಂತು. ಆ ಸ್ಥಿತಿಯ ಹೆಸರಿನಲ್ಲಿ ಬೋಸ್ ಇದ್ದಾರೆ. ನೊಬೆಲ್ ಪಟ್ಟಿಯಲ್ಲಿ ಇಲ್ಲ. ಹೆಸರು ಬಿಟ್ಟು ಎಣಿಸಿ ಎಂದು ಹೇಳಿಕೊಟ್ಟವರ ಹೆಸರನ್ನೇ ಬಿಟ್ಟು ಸ್ವೀಡನ್ನಿನವರು ಎಣಿಸಿಬಿಟ್ಟರು.

ಗುರುತಿಲ್ಲದವರ ಜೊತೆ ವ್ಯವಹಾರ ಮಾಡುವುದು ವಿಜ್ಞಾನಿಗಳಿಗೂ ಸುಲಭವಾಗಲಿಲ್ಲ. ಎಲೆಕ್ಟ್ರಾನ್ ಒಂದನ್ನು ಕಟಕಟೆಯಲ್ಲಿ ನಿಲ್ಲಿಸಿ, ಕೃತ್ಯ ನಡೆದಾಗ ನೀನು ಬೇರೆಲ್ಲಿದ್ದೆ ಎಂಬುದಕ್ಕೆ ಸಾಕ್ಷಿ ಕೊಡು ಎಂದು ಕೇಳಲು ಬಾರದು ಎಂದ ಗಣಿತಜ್ಞ ಹರ್ಮನ್ ವೈಲ್. 1940ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಜಾನ್ ವೀಲರ್ ತನ್ನ ಶಿಷ್ಯ ಫೈನ್‌ಮನ್‌ಗೆ ಫೋನ್ ಮಾಡಿ, ಎಲ್ಲ ಎಲೆಕ್ಟ್ರಾನುಗಳೂ ಒಂದೇ ಥರ ಇರುವುದೇಕೆಂದು ಗೊತ್ತಾಯಿತು ಎಂದ. ಏಕೆ? ಜಗತ್ತಿನಲ್ಲಿ ಇರುವುದೇ ಒಂದು ಎಲೆಕ್ಟ್ರಾನ್! ಆ ಒಂದೇ ಕಣ ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತ ನಮಗೆ ಕೋಟ್ಯಂತರವಾಗಿ ಕಾಣುತ್ತದೆ. ಹಿಂದಕ್ಕೆ ಓಡುವಾಗ ತನ್ನ ಪ್ರತಿಕಣವಾದ ಪಾಸಿಟ್ರಾನ್ ಆಗಿ ಕಾಣುತ್ತದೆ. ಹಾಗಿದ್ದರೆ ಎರಡೂ ಸಮಸಮ ಇರಬೇಕಲ್ಲ, ಅಷ್ಟೊಂದು ಪಾಸಿಟ್ರಾನುಗಳು ಎಲ್ಲಿವೆ ಸಾರ್ ಎಂದ ಶಿಷ್ಯ. ಪ್ರೋಟಾನುಗಳ ಒಳಗೆಲ್ಲೋ ಅಡಗಿರಬಹುದು ಎಂದರು ಗುರುಗಳು. ಫೈನ್‌ಮನ್ ಈ ಕತೆಯನ್ನು ತನ್ನ 1965ರ ನೊಬೆಲ್ ಭಾಷಣದಲ್ಲಿ ಹೇಳಿದ. ಗುರುವಿನ ಮಾತಿನಲ್ಲಿ ಅರ್ಧವನ್ನು ಮಾತ್ರ ತೆಗೆದುಕೊಂಡು ನೊಬೆಲ್ ಗೆದ್ದ ಶಿಷ್ಯ. ನಮ್ಮಲ್ಲಾಗಿದ್ದರೆ ಪೂರ್ತಿ ಒಪ್ಪಿಕೊಂಡು ಪಿಎಚ್‌ಡಿ ಪಡೆಯುತ್ತಿದ್ದ.

ಶ್ರೋಡಿಂಗರ್ ಸಹ ಎಡವಿದ್ದಾನೆ, ಅದನ್ನೂ ಹೇಳಬೇಕು. 1952ರಲ್ಲಿ ಆತ, ನಾವು ಒಂಟಿ ಕಣದ ಮೇಲೆ ಪ್ರಯೋಗ ಮಾಡುವುದೆಂದರೆ ಮೃಗಾಲಯದಲ್ಲಿ ಇಕ್ತಿಯೋಸಾರ್ ಸಾಕಿದಂತೆ ಎಂದು ನಕ್ಕ. ಕೋಟ್ಯಂತರ ವರ್ಷಗಳ ಹಿಂದೆ ಅಳಿದುಹೋದ ಕಡಲ ಪ್ರಾಣಿ ಅದು. ಇಪ್ಪತ್ತೊಂದು ವರ್ಷ ಕಳೆಯುವಷ್ಟರಲ್ಲಿ, 1973ರಲ್ಲಿ, ಸಿಯಾಟಲ್‌ನ ಹಾನ್ಸ್ ಡೆಮೆಲ್ಟ್ ಮತ್ತು ಸಂಗಡಿಗರು ಒಂದೇ ಒಂದು ಎಲೆಕ್ಟ್ರಾನನ್ನು ಕಾಂತದ ಬೋನಿನಲ್ಲಿ ಹಿಡಿದಿಟ್ಟರು. 1984ರಲ್ಲಿ ಒಂದು ಪಾಸಿಟ್ರಾನನ್ನು ಹಿಡಿದು ಮೂರು ತಿಂಗಳು ಸಾಕಿದರು. ಇಷ್ಟು ದಿನ ಜೊತೆಗಿದ್ದ ಜೀವಕ್ಕೆ ಹೆಸರಿಡದಿದ್ದರೆ ಹೇಗೆ? ಡೆಮೆಲ್ಟ್ ಅದಕ್ಕೆ ಪ್ರಿಸಿಲಾ ಎಂದು ನಾಮಕರಣ ಮಾಡಿದ. ಒಂದು ಮೂಲಕಣಕ್ಕೆ ಇಷ್ಟು ಖಚಿತವಾದ ಗುರುತು ಸಿಕ್ಕಿದ್ದು ಇದೇ ಮೊದಲು, ಮನೆಯ ಸಾಕುಪ್ರಾಣಿಗೆ ಹೆಸರಿಡುವಂತೆ ಇದಕ್ಕೂ ಇಡಬೇಕು ಎಂಬುದು ಅವನ ವಾದ. 1989ರಲ್ಲಿ ನೊಬೆಲ್ ಬಂತು. ಡೆಮೆಲ್ಟ್‌ಗೆ, ಪ್ರಿಸಿಲಾಗಲ್ಲ.

ಇಕ್ತಿಯೋಸಾರ್ ವಿಷಯದಲ್ಲಿ ಡೆಮೆಲ್ಟ್ ಗೆದ್ದ. ನಾಯಿಯ ವಿಷಯದಲ್ಲಿ ಗೆದ್ದನೆ? ಬೋನಿನಲ್ಲಿ ಒಬ್ಬಳೇ ಇದ್ದಾಳೆ, ಆದ್ದರಿಂದ ಅವಳು ಪ್ರಿಸಿಲಾ. ಆ ಹೆಸರು ಬೋನಿನದೋ ಕಣದ್ದೋ? ಅದೇ ಬೋನಿಗೆ ಇನ್ನೊಂದು ಪಾಸಿಟ್ರಾನ್ ಬಂದು ಸೇರಿ, ಎರಡರ ಅಲೆಗಳೂ ಒಂದರಲ್ಲೊಂದು ಬೆರೆತು, ಆಮೇಲೆ ಒಂದು ಹೊರಗೆ ಹೋದರೆ, ಉಳಿದದ್ದು ಪ್ರಿಸಿಲಾ ಎಂದು ಹೇಳುವವರು ಯಾರು? ಡೆಮೆಲ್ಟ್‌ಗೂ ಗೊತ್ತಾಗುವುದಿಲ್ಲ, ಪ್ರಿಸಿಲಾಗೂ ಗೊತ್ತಾಗುವುದಿಲ್ಲ. ಹೋದವಳು ಯಾರು ಎಂಬ ಸಂಗತಿಯೇ ಅಲ್ಲಿಲ್ಲ ಎನ್ನುವುದು ಶ್ರೋಡಿಂಗರ್ ಪಕ್ಷ.

ತತ್ತ್ವಜ್ಞಾನಿಗಳು ಬಿಡುತ್ತಾರೆಯೆ? 1974ರಲ್ಲಿ ರಷ್ಯದ ಗಣಿತಜ್ಞ ಯೂರಿ ಮಾನಿನ್, ನಮ್ಮ ಗಣಗಳ ಗಣಿತವೇ ನಿತ್ಯದ ವಸ್ತುಗಳನ್ನು ನೋಡಿ ಹುಟ್ಟಿದ್ದು, ಈ ಕಣಗಳಿಗೆ ಬೇರೆಯದೇ ಬೇಕಾದೀತು ಎಂದ. ಬ್ರೆಜಿಲ್‌ನ ಡೆಸಿಯೊ ಕ್ರಾಸ್ ನಿಜವಾಗಿಯೂ ಹೊಸದೊಂದನ್ನು ಕಟ್ಟಿದ. ಇಂಗ್ಲೆಂಡಿನ ಸ್ಟೀವನ್ ಫ್ರೆಂಚ್ ಜೊತೆ ಸೇರಿ 2006ರಲ್ಲಿ ಇದೇ ವಿಷಯದ ಮೇಲೆ ದಪ್ಪ ಪುಸ್ತಕವನ್ನೂ ತಂದ. ಅದರ ಸಾರ: ಒಂದು ಗುಂಪಿನಲ್ಲಿ ಎಷ್ಟಿವೆ ಎಂದು ಹೇಳಬಹುದು, ಆದರೆ ಇದು ಮೊದಲನೆಯದು, ಇದು ಎರಡನೆಯದು ಎಂದು ಹೇಳಲಾಗದು. ಸಂಖ್ಯೆ ಉಂಟು, ಸರದಿ ಇಲ್ಲ. ಇದನ್ನು ಅರ್ಥಮಾಡಿಕೊಳ್ಳಲು ಯುರೋಪಿನವರು ಬಹಳ ಕಷ್ಟಪಡುತ್ತಾರೆ. ರೆಸಾರ್ಟ್ ರಾಜಕೀಯ ಕಂಡ ಕನ್ನಡಿಗನಿಗೆ ಏನು ಕಷ್ಟ? ಬಸ್ಸಿನಲ್ಲಿ ಎಷ್ಟು ಶಾಸಕರಿದ್ದಾರೆ ಎಂಬುದು ಎರಡೂ ಪಕ್ಷಗಳಿಗೆ ಖಚಿತವಾಗಿ ಗೊತ್ತಿರುತ್ತದೆ. ಯಾರು ಯಾವ ಪಕ್ಷದವರು ಎಂಬುದು ಮಾತ್ರ ಅಳೆದಾಗಲೇ ತಿಳಿಯುವುದು. ಒಂದೇ ವ್ಯತ್ಯಾಸ: ಎಲೆಕ್ಟ್ರಾನಿಗೆ ಬೆಲೆ ಕಟ್ಟಿದವರಿಲ್ಲ.

ಎಲ್ಲರೂ ಶ್ರೋಡಿಂಗರನ ಪಕ್ಷವಲ್ಲ. ಕಣಗಳಿಗೆ ಗುರುತಿದೆ, ಹೊರಗೆ ಕಾಣುವುದಿಲ್ಲ ಅಷ್ಟೇ ಎನ್ನುವವರಿದ್ದಾರೆ. ಡೇವಿಡ್ ಬೋಮ್‌ನ ಸಿದ್ಧಾಂತದಲ್ಲಿ ಪ್ರತಿ ಕಣಕ್ಕೂ ತನ್ನದೇ ದಾರಿಯಿದೆ, ಆ ದಾರಿ ಹಿಡಿದರೆ ಯಾರು ಯಾರೆಂದು ತಾತ್ತ್ವಿಕವಾಗಿ ಹೇಳಬಹುದು. ಕಣಗಳೇ ಇಲ್ಲ, ಇರುವುದು ಕ್ಷೇತ್ರ ಮಾತ್ರ ಎನ್ನುವವರೂ ಉಂಟು. ಜಗಳ ಇನ್ನೂ ಜೀವಂತವಾಗಿದೆ. ಪೆಟ್ಟಿಗೆಯೊಳಗಿನ ಬೆಕ್ಕಿಗಿಂತ ನಿಸ್ಸಂದೇಹವಾಗಿ.

ಇಷ್ಟೆಲ್ಲ ನಡೆದಿರುವಾಗ ನಮ್ಮಲ್ಲಿ ಶ್ರೋಡಿಂಗರ್ ಹೆಸರು ಯಾವ ಕೆಲಸಕ್ಕೆ ಬರುತ್ತಿದೆ? ಬೆಳಗಿನ ಗುಲಾಬಿ ಹೂವಿನ ಚಿತ್ರದ ಜೊತೆ ಬರುವ ಫಾರ್ವರ್ಡ್‌ಗಳ ಕೆಲಸಕ್ಕೆ. ನೊಬೆಲ್ ವಿಜ್ಞಾನಿ ಶ್ರೋಡಿಂಗರ್ ಉಪನಿಷತ್ತು ಓದಿಯೇ ಕ್ವಾಂಟಮ್ ಸಮೀಕರಣ ಕಂಡುಹಿಡಿದ, ಹೆಮ್ಮೆಯ ಭಾರತೀಯರಾಗಿದ್ದರೆ ಹತ್ತು ಜನಕ್ಕೆ ಕಳಿಸಿ. ಇಂಥದನ್ನು ಕಳಿಸುವ ಪಂಡಿತರು ಎದುರು ಸಿಕ್ಕರೆ ಮಾತು ಹೀಗೆ ಸಾಗೀತು:

‘ಎಲೆಕ್ಟ್ರಾನುಗಳೆಲ್ಲ ಒಂದೇ ಅಂತ ಅವನೇ ಹೇಳಿದಾನಲ್ರೀ. ಅದೇ ತಾನೆ ಅದ್ವೈತ?’

‘ಒಂದೇ ಅಂತ ಹೇಳಿಲ್ಲ ಸಾರ್. ಒಂದೋ ಬೇರೆಯೋ ಅಂತ ಕೇಳೋದೇ ತಪ್ಪು ಅಂದ.’

‘ಅದನ್ನೇ ನಮ್ಮವರು ಅನಿರ್ವಚನೀಯ ಅಂದದ್ದು!’

‘ಫುಟ್‌ಬಾಲ್ ತಂಡದಲ್ಲಿ ಎರಡು ಜಾಗ ಖಾಲಿ ಇದ್ದರೆ ಎಷ್ಟು ಥರ ತುಂಬಬಹುದು ಅನ್ನೋದೂ ನಮ್ಮವರ ಹತ್ತಿರ ಇದೆಯಾ ಸಾರ್?’

‘ನೀವು ಸ್ವಲ್ಪ ಎಡಗಡೆಯವರಿರಬೇಕು.’

ನೋಡಿ, ಎಷ್ಟು ಬೇಗ ಗುರುತು ಸಿಕ್ಕಿತು. ಎಲೆಕ್ಟ್ರಾನಿಗೆ ಇಲ್ಲದ ಭಾಗ್ಯ.

ಶ್ರೋಡಿಂಗರ್ ವೇದಾಂತಿಯಾಗಿದ್ದ ಎಂಬುದು ನಿಜ. ಶೋಪೆನ್‌ಹೌವರ್ ಮೂಲಕ ಉಪನಿಷತ್ತಿಗೆ ಬಂದವನು. ಲೋಕದಲ್ಲಿ ಪ್ರಜ್ಞೆ ಒಂದೇ, ಹಲವಾಗಿ ಕಾಣುವುದು ತೋರಿಕೆ ಎಂಬುದನ್ನು ಕೊನೆಯವರೆಗೂ ನಂಬಿದ್ದ. 1944ರ ‘ವಾಟ್ ಈಸ್ ಲೈಫ್’ ಪುಸ್ತಕದ ಕೊನೆಗೆ ಅದನ್ನು ಬರೆದದ್ದಕ್ಕೆ ಡಬ್ಲಿನ್ನಿನ ಪ್ರಕಾಶಕರು ಹೆದರಿ ಕೈಬಿಟ್ಟರು, ಕೇಂಬ್ರಿಜ್‌ನವರು ಅಚ್ಚು ಹಾಕಿದರು. ಅಂದರೆ ಆ ನಂಬಿಕೆಗೆ ಅವನು ಬೆಲೆ ಕೊಟ್ಟಿದ್ದಾನೆ. ಫಾರ್ವರ್ಡ್ ಮಾಡುವುದಕ್ಕೆ ಡೇಟಾ ಪ್ಯಾಕ್ ಬಿಟ್ಟು ಬೇರೆ ಬೆಲೆಯಿಲ್ಲ.

ಆದರೆ ಸಮೀಕರಣ ಬಂದದ್ದು ಎಲ್ಲಿಂದ? ಬೋಸ್ ಎಣಿಕೆಯನ್ನು ಐನ್‌ಸ್ಟೀನ್ ಅನಿಲಗಳಿಗೆ ಅನ್ವಯಿಸಿದ. ಆ ವಿಚಿತ್ರ ಎಣಿಕೆಯ ಅರ್ಥವೇನೆಂದು 1925ರ ಕೊನೆಯಲ್ಲಿ ಶ್ರೋಡಿಂಗರ್ ತಲೆ ಕೆಡಿಸಿಕೊಂಡ. ವಸ್ತುವಿಗೂ ಅಲೆಯುಂಟು ಎಂಬ ಡಿ ಬ್ರಾಯ್ ಪ್ರಬಂಧ ಕೈಗೆ ಬಂತು. ಕ್ರಿಸ್‌ಮಸ್ ರಜೆಗೆ ಸ್ವಿಟ್ಜರ್‌ಲೆಂಡಿನ ಅರೋಸಾ ಎಂಬ ಹಿಮದೂರಿಗೆ ಹೋದ, ಅಲ್ಲಿ ಸಮೀಕರಣದ ಕೆಲಸ ಹಿಡಿಯಿತು. ಅಲ್ಲಿ ಜೊತೆಗಿದ್ದದ್ದು ಯಾವ ಸ್ವಾಮೀಜಿಯೂ ಅಲ್ಲ, ವಿಯೆನ್ನಾದ ಹಳೆಯ ಗೆಳತಿ, ಹೆಂಡತಿ ಜ್ಯೂರಿಕ್‌ನಲ್ಲಿದ್ದಳು. ಋಷಿಸದೃಶ ವಿಜ್ಞಾನಿ ಎಂದು ಕಣ್ಣಿಗೊತ್ತಿಕೊಳ್ಳುವವರಿಗೆ ಇನ್ನೊಂದು ಸಂಗತಿಯೂ ಗೊತ್ತಿರಲಿ. ಎಳೆಯ ಹುಡುಗಿಯರೊಡನೆ ಅವನು ನಡೆದುಕೊಂಡ ರೀತಿಯ ಬಗೆಗಿನ ಆರೋಪಗಳು ಮತ್ತೆ ಚರ್ಚೆಗೆ ಬಂದ ಮೇಲೆ, 2022ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜು ತನ್ನ ಉಪನ್ಯಾಸ ಮಂದಿರಕ್ಕಿದ್ದ ಅವನ ಹೆಸರನ್ನು ತೆಗೆದುಹಾಕಿತು. ಸಮೀಕರಣವನ್ನು ಗೌರವಿಸಲು ಮನುಷ್ಯನನ್ನು ಪೂಜಿಸಬೇಕಾಗಿಲ್ಲ.

ಪಂಡಿತರಿಗೆ ನಿಜವಾದ ಪೆಟ್ಟು ಕೊಟ್ಟವನು ಶ್ರೋಡಿಂಗರನೇ. ತನ್ನ ವೇದಾಂತವನ್ನೆಲ್ಲ ಬರೆದಿಟ್ಟ ‘ಮೈ ವ್ಯೂ ಆಫ್ ದ ವರ್ಲ್ಡ್’ ಪುಸ್ತಕದ ಮುನ್ನುಡಿಯಲ್ಲೇ ಅವನು ಒಂದು ಆಕ್ಷೇಪವನ್ನು ಊಹಿಸಿ ಉತ್ತರ ಕೊಟ್ಟಿದ್ದಾನೆ. ಈ ಪುಸ್ತಕದಲ್ಲಿ ಅಲೆ ಯಂತ್ರಶಾಸ್ತ್ರದ ಬಗ್ಗೆ, ಅನಿಶ್ಚಿತತೆಯ ಬಗ್ಗೆ, ಹಿಗ್ಗುವ ಬ್ರಹ್ಮಾಂಡದ ಬಗ್ಗೆ ಒಂದಕ್ಷರವೂ ಇಲ್ಲ; ಏಕೆಂದರೆ ಲೋಕದೃಷ್ಟಿಯ ಜೊತೆ ಇವುಗಳಿಗೆ ಜನ ತಿಳಿದಷ್ಟು ಸಂಬಂಧವಿದೆ ಎಂದು ನನಗನ್ನಿಸುವುದಿಲ್ಲ ಎಂಬುದು ಆ ಉತ್ತರದ ತಾತ್ಪರ್ಯ. ವೇದಾಂತವೂ ಅವನದೇ, ಕ್ವಾಂಟಮ್ಮೂ ಅವನದೇ. ಎರಡಕ್ಕೂ ಮದುವೆ ಮಾಡಬೇಡಿ ಎಂದು ಎರಡೂ ಕಡೆಯ ಹಿರಿಯನಾಗಿ ಅವನೇ ಹೇಳುತ್ತಿದ್ದಾನೆ. ನಾವು ಮಾತ್ರ ಛತ್ರ ಹಿಡಿದು ವಾಲಗ ಊದಿಸುತ್ತಿದ್ದೇವೆ.

1958ರ ‘ಮೈಂಡ್ ಅಂಡ್ ಮ್ಯಾಟರ್’ನಲ್ಲಿ ಪಾಶ್ಚಾತ್ಯ ವಿಜ್ಞಾನಕ್ಕೆ ಪೂರ್ವದ ಚಿಂತನೆಯಿಂದ ಸ್ವಲ್ಪ ರಕ್ತ ಕೊಡಿಸಬೇಕು ಎಂದವನೂ ಅವನೇ. ಇದು ಫಾರ್ವರ್ಡ್‌ಗಳಲ್ಲಿ ಧಾರಾಳವಾಗಿ ಬರುತ್ತದೆ. ಅದರ ಬೆನ್ನಿಗೇ ಅವನು, ರಕ್ತ ಕೊಡುವಾಗ ಹೆಪ್ಪುಗಟ್ಟದಂತೆ ಎಚ್ಚರ ಬೇಕು, ನಮ್ಮ ವಿಜ್ಞಾನ ಗಳಿಸಿಕೊಂಡ ತಾರ್ಕಿಕ ನಿಖರತೆಯನ್ನು ಮಾತ್ರ ಕಳೆದುಕೊಳ್ಳಬಾರದು, ಅಂಥದು ಯಾವ ಕಾಲದಲ್ಲೂ ಎಲ್ಲೂ ಇರಲಿಲ್ಲ ಎಂದಿದ್ದಾನೆ. ಇದು ಬರುವುದಿಲ್ಲ. ದಾನಿಯ ಹೆಸರು ಹೇಳಿ ಚಪ್ಪಾಳೆ ಹೊಡೆದವರು ರಕ್ತದ ಗುಂಪು ನೋಡಲು ಮರೆತರು.

ಬೆಂಗಳೂರಿಗೂ ಈ ಕತೆಯಲ್ಲಿ ಒಂದು ಪಾತ್ರವಿದೆ, ಹೆಮ್ಮೆಪಡುವಂಥದ್ದಲ್ಲ. ಶ್ರೋಡಿಂಗರನ ಅಲೆಗಳಿಗೆ ಸಂಭವನೀಯತೆಯ ಅರ್ಥ ಕೊಟ್ಟವನು, ಕಣಗಳ ಪರವಾಗಿ ಅವನೊಡನೆ ಕಡೆತನಕ ವಾದಿಸಿದವನು ಮ್ಯಾಕ್ಸ್ ಬಾರ್ನ್. ಯಹೂದಿ ಎಂಬ ಗುರುತಿನ ಮೇಲೆ ಜರ್ಮನಿಯಿಂದ ಹೊರದೂಡಿಸಿಕೊಂಡ ಅವನನ್ನು ಸಿ.ವಿ. ರಾಮನ್ 1935ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡರು. ಇಲ್ಲಿಯೇ ಕಾಯಂ ಹುದ್ದೆ ಕೊಡಿಸಬೇಕೆಂದು ಸಭೆಯ ಮುಂದೆ ವಾದಿಸಿದರು. ಆಗ ಆಂಗ್ಲ ಪ್ರಾಧ್ಯಾಪಕರೊಬ್ಬರು ಎದ್ದು, ತನ್ನ ದೇಶದವರೇ ಓಡಿಸಿದ ಎರಡನೇ ದರ್ಜೆಯ ವಿದೇಶಿ ನಮಗೆ ಸಾಲದು ಎಂಬರ್ಥದ ಮಾತಾಡಿದರೆಂದು ಬಾರ್ನ್ ಬರೆದುಕೊಂಡಿದ್ದಾನೆ. ಹುದ್ದೆ ಸಿಗಲಿಲ್ಲ. ಎಡಿನ್‌ಬರೋಗೆ ಹೋದ, 1954ರಲ್ಲಿ ಆ ಎರಡನೇ ದರ್ಜೆಯವನಿಗೆ ನೊಬೆಲ್ ಬಂತು. ಎಲೆಕ್ಟ್ರಾನಿಗೆ ಕುಲಗೋತ್ರ ಕೇಳಬಾರದೆಂದು ಭೌತಶಾಸ್ತ್ರ ಕಲಿತು ಆ ಸಭೆಯ ಹೊತ್ತಿಗೇ ಹತ್ತು ವರ್ಷವಾಗಿತ್ತು. ಭೌತಶಾಸ್ತ್ರಜ್ಞನಿಗೆ ಕೇಳಬಾರದೆಂದು ಸಭೆಗಳು ಇನ್ನೂ ಕಲಿತಿರಲಿಲ್ಲ.

ಈಗ ಕಾಲ ಬದಲಾಗಿದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ 6003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಬಹಳ ಸಂತೋಷ, ಕಂಪ್ಯೂಟರ್ ಬರಲಿ, ಸಂವೇದಕ ಬರಲಿ. ಜೊತೆಜೊತೆಗೆ ಕ್ವಾಂಟಮ್ ಚಿಕಿತ್ಸೆ, ಕ್ವಾಂಟಮ್ ಪದಕ, ಕ್ವಾಂಟಮ್ ಧ್ಯಾನಗಳೂ ಬಂದಿವೆ. ಇವುಗಳಲ್ಲಿ ಕ್ವಾಂಟಮ್ ಎಂಬುದು ಬೆಲೆ ಚೀಟಿಯ ಮೇಲೆ ಮಾತ್ರ ಇದೆ. ಅಲ್ಲಿ ಅನಿಶ್ಚಿತತೆಯೂ ಇಲ್ಲ. ದುಡ್ಡು ಹೋಗುವುದು ನೂರಕ್ಕೆ ನೂರು ಖಚಿತ.

ವಿಪರ್ಯಾಸ ನೋಡಿ. ಶ್ರೋಡಿಂಗರ್ ಎಂಬ ಈ ಮನುಷ್ಯ ಜೀವಮಾನದಲ್ಲಿ ಎರಡು ಮಾತು ಗಟ್ಟಿಯಾಗಿ ಹೇಳಿದ. ಕಣಕ್ಕೆ ಸ್ವಂತ ಗುರುತಿಲ್ಲ ಎಂದು ಪ್ರಯೋಗಾಲಯದ ಎಣಿಕೆ ನೋಡಿ ಹೇಳಿದ. ‘ನಾನು’ ಎಂಬ ಬೇಲಿಯೇ ತೋರಿಕೆ ಎಂದು ಉಪನಿಷತ್ತು ಓದಿ ಹೇಳಿದ. ಒಂದು ವಿಜ್ಞಾನ, ಇನ್ನೊಂದು ನಂಬಿಕೆ. ಎರಡನ್ನೂ ಬೇರೆಬೇರೆ ಇಟ್ಟ. ಎರಡರಲ್ಲಿ ಯಾವುದನ್ನು ಒಪ್ಪಿದರೂ ‘ನಮ್ಮದು’ ‘ನಿಮ್ಮದು’ ಎಂದು ಎದೆ ತಟ್ಟುವುದಕ್ಕೆ ಜಾಗವಿಲ್ಲ. ನಾವು ಅವನನ್ನೇ ಲ್ಯಾಮಿನೇಷನ್ ಮಾಡಿಸಿ ಕೊರಳಿಗೆ ನೇತುಹಾಕಿಕೊಂಡು, ಇದು ನಮ್ಮ ಗುರುತಿನ ಚೀಟಿ ಎಂದು ಮೆರವಣಿಗೆ ಹೊರಟಿದ್ದೇವೆ. ಉಪನಿಷತ್ತಿಗೆ ವಿಯೆನ್ನಾದ ಸಹಿ ಬೇಕಿಲ್ಲ, ಎಲೆಕ್ಟ್ರಾನಿಗೆ ಕಾಶಿಯ ಪ್ರಸಾದ ಬೇಕಿಲ್ಲ. ಬೇಕಾಗಿರುವುದು ನಮ್ಮ ಕೀಳರಿಮೆಗೆ ಮಾತ್ರ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಇನ್ನು ಮುಂದೆ ಶ್ರೋಡಿಂಗರ್ ಹೇಳಿದ್ದಾನೆ ಎಂದು ಯಾರಾದರೂ ಕಳಿಸಿದರೆ, ಜಗಳಕ್ಕೆ ಹೋಗಬೇಡಿ. ಯಾವ ಪುಸ್ತಕ, ಯಾವ ಪುಟ ಎಂದು ಎರಡೇ ಪ್ರಶ್ನೆ ಕೇಳಿ. ಉತ್ತರ ಬಂದರೆ ಆ ಪುಟವನ್ನೂ ಅದರ ಮುಂದಿನ ಪುಟವನ್ನೂ ಓದಿ. ಅವನ ಪುಸ್ತಕಗಳು ಸಣ್ಣವು, ಮುನ್ನುಡಿಗಳು ಇನ್ನೂ ಸಣ್ಣವು. ಉತ್ತರ ಬರದಿದ್ದರೆ ಅದನ್ನು ಹತ್ತು ಜನಕ್ಕೆ ಕಳಿಸಬೇಡಿ. ವಿಜ್ಞಾನಕ್ಕೂ ವೇದಾಂತಕ್ಕೂ ನೀವು ಮಾಡಬಹುದಾದ ದೊಡ್ಡ ಉಪಕಾರ ಅದು.